ಶಕ್ತಿ ಇರಲಿ, ಹಿಂದಿನ ಸೀಟಿಗೆ ಗೊತ್ತಾಗದಿರಲಿ

ಮಾನ್ಯ ಸಂಪಾದಕರಿಗೆ,

ದೊಡ್ಡ ಐಷಾರಾಮಿ ಸೆಡಾನ್‌ಗಳ ಹೆಚ್ಚು ಶಕ್ತಿಯ ಮಾದರಿಗಳ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಲೇಖನ ಓದಿದೆ. ಬರಹ ಚೆನ್ನಾಗಿತ್ತು. ಆದರೆ ಲೇಖಕರು ಕೊನೆಗೆ ಕೊಟ್ಟ ಸಲಹೆ ನನಗೆ ಒಪ್ಪಿಗೆಯಾಗಲಿಲ್ಲ. ಇಂಥ ಕಾರು ದೂರದಿಂದಲೇ ಬೇರೆ ಅಂತ ಕಾಣಬೇಕಂತೆ. ಸೈಲೆನ್ಸರ್ ಸದ್ದಿಗೆ ಜನ ತಿರುಗಿ ನೋಡಬೇಕಂತೆ. ರೇಸ್ ಟ್ರ್ಯಾಕ್‌ನಲ್ಲಿ ಎಷ್ಟು ನಿಮಿಷಕ್ಕೆ ಒಂದು ಸುತ್ತು ಮುಗಿಸಿತು ಅನ್ನುವುದನ್ನು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕಬೇಕಂತೆ. ಹಾಗಿಲ್ಲದಿದ್ದರೆ ಸಾಮಾನ್ಯ ಮಾದರಿ ಬಿಟ್ಟು ಇದನ್ನು ಯಾರು ಕೊಳ್ಳುತ್ತಾರೆ ಅಂತ ಕೇಳಿದ್ದಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಮಾತ್ರ ಬೇರೆ ಕಡೆ ಇದೆ ಅನ್ನುವುದು ನನ್ನ ಅಭಿಪ್ರಾಯ.

ನಾನು ವೃತ್ತಿಯಿಂದ ಡ್ರೈವರ್. ತಲೆಗೂದಲು ಕಪ್ಪಗಿದ್ದ ಕಾಲದಿಂದ ಇಂಥ ಉದ್ದನೆಯ ಕಾರುಗಳನ್ನೇ ಓಡಿಸಿಕೊಂಡು ಬಂದಿದ್ದೇನೆ. ಕಾರು ನನ್ನದಲ್ಲ, ಕೀ ಮಾತ್ರ ನನ್ನ ಹತ್ತಿರ ಇರುತ್ತದೆ. ಈಗ ಕೆಲಸ ಮಾಡುತ್ತಿರುವುದು ಉದ್ಯಮ ನಡೆಸುವ ಒಬ್ಬ ಮೇಡಂ ಹತ್ತಿರ. ಹಿಂದೆ ಕೂತು ಮಡಿಲಲ್ಲಿ ಫೈಲು ಇಟ್ಟುಕೊಳ್ಳುತ್ತಾರೆ, ಇಳಿಯುವ ತನಕ ಓದುತ್ತಾರೆ. ಒಳಗಿನ ಕನ್ನಡಿಯಲ್ಲಿ ನನಗೆ ಕಾಣುವುದು ಅವರ ಹುಬ್ಬು ಮಾತ್ರ. ನಾನು ಬ್ರೇಕ್ ಒರಟಾಗಿ ಒತ್ತಿದರೆ ಹುಬ್ಬು ಮೇಲೇಳುತ್ತದೆ. ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ, ಅಲ್ವಾ?

ದೊಡ್ಡ ಸಭೆಗಳು ನಡೆಯುವ ಕಡೆ ನಾವು ಡ್ರೈವರ್‌ಗಳು ಗಂಟೆಗಟ್ಟಲೆ ಕಾಯುತ್ತೇವೆ. ಆಗ ನಡೆಯುವ ಮಾತೆಲ್ಲ ಕಾರಿನದೇ. ಯಾವ ಕಾರಿನ ಏರ್ ಸಸ್ಪೆನ್ಷನ್ (ಕಾರನ್ನು ಹೊತ್ತುಕೊಳ್ಳುವ ಗಾಳಿಯ ಸ್ಪ್ರಿಂಗು) ಬೆಳಿಗ್ಗೆ ಕುಸಿದು ಕೂತಿರುತ್ತದೆ, ಯಾವುದರ ಬಾಗಿಲು ಮೆಲ್ಲಗೆ ಮುಚ್ಚುತ್ತದೆ, ಯಾವುದರಲ್ಲಿ ಹಿಂದೆ ಕೂತವರಿಗೆ ವಾಕರಿಕೆ ಬರುತ್ತದೆ, ಎಲ್ಲ ನಮಗೆ ಗೊತ್ತು. ಕಂಪನಿಗಳು ಮಾಲೀಕರನ್ನು ಕೇಳುತ್ತವೆ, ಪತ್ರಕರ್ತರನ್ನು ಕೇಳುತ್ತವೆ. ನಮ್ಮನ್ನು ಕೇಳಿದ್ದು ನಾನಂತೂ ನೋಡಿಲ್ಲ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಿ ಎಂದು ಕೇಳಿಕೊಳ್ಳುತ್ತೇನೆ.

ಮೊದಲು ಶಕ್ತಿಯ ವಿಷಯ. ಇಷ್ಟು ದೊಡ್ಡ ಎಂಜಿನ್ ಯಾಕೆ ಬೇಕು? ಜೋರಾಗಿ ಓಡಿಸೋದಕ್ಕೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎರಡು ಟನ್ನಿಗಿಂತ ಜಾಸ್ತಿ ತೂಗುವ ಕಾರಿನಲ್ಲಿ ಸಾಧಾರಣ ಎಂಜಿನ್ ಇದೆ ಅಂತ ಇಟ್ಟುಕೊಳ್ಳಿ. ಎದುರಿಗೆ ಉದ್ದನೆಯ ಲಾರಿ. ಸೈಡ್ ಹೊಡೆಯಬೇಕು. ಆಕ್ಸಿಲರೇಟರ್ ಒತ್ತಿದ ತಕ್ಷಣ ಗೇರ್‌ಬಾಕ್ಸ್ ಎರಡು ಮೂರು ಗೇರು ಕೆಳಗಿಳಿಯುತ್ತದೆ. ಎಂಜಿನ್ ಸುತ್ತು ಏರುತ್ತದೆ. ಸದ್ದು ಒಳಗೆ ಬರುತ್ತದೆ, ಕಾರಿನ ಮೂತಿ ಮೇಲೇಳುತ್ತದೆ. ಹಿಂದೆ ಕೂತವರು ಫೈಲಿನಿಂದ ತಲೆ ಎತ್ತಿ ಏನಾಯ್ತು ಅಂತ ನೋಡುತ್ತಾರೆ. ಅದೇ ಜಾಗದಲ್ಲಿ ಎಂಟು ಸಿಲಿಂಡರಿನ ದೊಡ್ಡ ವಿ8 ಅಥವಾ ಹನ್ನೆರಡು ಸಿಲಿಂಡರಿನ ವಿ12 ಎಂಜಿನ್ ಇದ್ದರೆ ಗೇರು ಹೆಚ್ಚು ಇಳಿಸುವ ಅಗತ್ಯವೇ ಬೀಳುವುದಿಲ್ಲ. ಕಡಿಮೆ ಸುತ್ತಿನಲ್ಲೇ ಬೇಕಾದಷ್ಟು ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, ಸಿಗುತ್ತದೆ. ಕಾಲು ಅರ್ಧ ಇಂಚು ಕೆಳಗೆ ಹೋಗುತ್ತದೆ, ಲಾರಿ ಹಿಂದಾಗುತ್ತದೆ, ಎದುರು ಬರುವ ಗಾಡಿಗಳ ದಾರಿಯಲ್ಲಿ ನಾವು ಇರುವ ಹೊತ್ತೂ ಕಡಿಮೆಯಾಗುತ್ತದೆ. ಹಿಂದಿನವರು ಓದುತ್ತಲೇ ಇರುತ್ತಾರೆ.

ಹೆಚ್ಚು ಶಕ್ತಿ ಅಂದರೆ ಹೆಚ್ಚು ನಿಶ್ಶಬ್ದ. ಇಂಥ ಕಾರನ್ನು ಮಾರುಕಟ್ಟೆಯಲ್ಲಿ ಎಲ್ಲಿ ನಿಲ್ಲಿಸಬೇಕು ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. ಅದನ್ನು ಸ್ಪೋರ್ಟ್ಸ್ ಕಾರುಗಳ ಸಾಲಿನಲ್ಲಿ ನಿಲ್ಲಿಸಬಾರದು. ಅದೇ ಐಷಾರಾಮದ ಇನ್ನೊಂದು ಮೆಟ್ಟಿಲು ಅಂತ ಮಾರಬೇಕು. ಮೆತ್ತನೆಯ ಚರ್ಮ, ಒಳ್ಳೆ ಸ್ಪೀಕರು, ದಪ್ಪ ಗಾಜು ಇದ್ದ ಹಾಗೆ ಬಳಸದೆ ಉಳಿದಿರುವ ಶಕ್ತಿಯೂ ಒಂದು ಸೌಕರ್ಯ.

ಇದು ನಾನು ಹೊಸದಾಗಿ ಕಂಡುಹಿಡಿದ ವಿಚಾರವೇನಲ್ಲ. 1968ರಲ್ಲಿ ಮರ್ಸಿಡಿಸ್-ಬೆಂಜ್ 300 ಎಸ್ಇಎಲ್ 6.3 ಅನ್ನುವ ಕಾರನ್ನು ಜಿನೀವಾ ಪ್ರದರ್ಶನದಲ್ಲಿ ತೋರಿಸಿತು. ಅದರ ಹಿಂದಿದ್ದ ಎಂಜಿನಿಯರ್ ಎರಿಕ್ ವ್ಯಾಕ್ಸೆನ್‌ಬರ್ಗರ್. ರಾಷ್ಟ್ರಾಧ್ಯಕ್ಷರು ಓಡಾಡುತ್ತಿದ್ದ ದೊಡ್ಡ 600 ಕಾರಿನ 6.3 ಲೀಟರ್ ವಿ8 ಎಂಜಿನ್ನನ್ನು ಅವರು, ಮೊದಮೊದಲು ಮೇಲಿನವರಿಗೆ ಹೇಳದೆಯೇ, ಅದಕ್ಕಿಂತ ಚಿಕ್ಕ ಸೆಡಾನ್ ಒಳಗೆ ಕೂರಿಸಿ ನೋಡಿದರು ಅಂತ ಹೇಳುತ್ತಾರೆ. 250 ಅಶ್ವಶಕ್ತಿ. ಗಂಟೆಗೆ 220 ಕಿ.ಮೀ. ವೇಗ. ಆಗಿನ ಎಷ್ಟೋ ಸ್ಪೋರ್ಟ್ಸ್ ಕಾರುಗಳು ಇದರ ಹಿಂದೆಯೇ ಉಳಿಯುತ್ತಿದ್ದವು. ಆದರೆ ನೋಡುವುದಕ್ಕೆ? ಅದೇ ಗಂಭೀರ ಸೆಡಾನ್. ಅದೇ ಏರ್ ಸಸ್ಪೆನ್ಷನ್. ಹಿಂಬದಿ ಡಿಕ್ಕಿಯ ಮೇಲೆ ‘6.3’ ಅನ್ನುವ ಚಿಕ್ಕ ಅಂಕಿ, ಅಷ್ಟೇ. 1972ರ ತನಕ 6,526 ಕಾರು ತಯಾರಾದವು. ಅಷ್ಟು ದುಬಾರಿ ಕಾರಿಗೆ ಅದು ಸಣ್ಣ ಸಂಖ್ಯೆ ಅಲ್ಲ.

ಆಮೇಲೆ 1975ರಲ್ಲಿ 450 ಎಸ್ಇಎಲ್ 6.9 ಬಂತು. 286 ಅಶ್ವಶಕ್ತಿ, ಎಣ್ಣೆ ಮತ್ತು ಅನಿಲದ ಒತ್ತಡದ ಮೇಲೆ ತೇಲುವ ಸಸ್ಪೆನ್ಷನ್. 1980ರ ತನಕ 7,380 ಕಾರು ಕಾರ್ಖಾನೆಯಿಂದ ಹೊರಗೆ ಬಂದವು. ಅದರಲ್ಲಿ ನನಗೆ ತುಂಬ ಇಷ್ಟವಾದ ವಿಷಯ ಇನ್ನೊಂದಿದೆ. ಡಿಕ್ಕಿಯ ಮೇಲಿನ ‘6.9’ ಅಂಕಿ ಬೇಡ ಅಂದರೆ ಕಂಪನಿಯೇ ಅದನ್ನು ಹಾಕದೆ ಕೊಡುತ್ತಿತ್ತು. ಅಂದರೆ ಅತಿ ದುಬಾರಿ, ಅತಿ ಬಲಶಾಲಿ ಮಾದರಿ ಕೊಂಡ ಗಿರಾಕಿ, ಅದು ಯಾರಿಗೂ ತಿಳಿಯಬಾರದು ಅಂತ ಕೇಳಬಹುದಿತ್ತು. ನಿಮ್ಮ ಲೇಖಕರ ಲೆಕ್ಕದಲ್ಲಿ ಈ ಗಿರಾಕಿಗೆ ಜಾಗವೇ ಇಲ್ಲ. ನಾನು ಓಡಿಸಿದ ಕಾರುಗಳ ಮಾಲೀಕರಲ್ಲಿ ಹೆಚ್ಚಿನವರು ಇದೇ ಥರದವರು.

ಲೇಖಕರ ಪರವಾಗಿಯೂ ಒಂದು ಸಾಕ್ಷಿ ಇದೆ. 6.3 ಕಾರು ಇದ್ದಾಗಲೇ, ಆಗಿನ್ನೂ ಪುಟ್ಟದಾಗಿದ್ದ ಎಎಂಜಿ (ಮರ್ಸಿಡಿಸ್ ಕಾರುಗಳ ಬಲ ಹೆಚ್ಚಿಸುತ್ತಿದ್ದ ಕಂಪನಿ, ಈಗ ಮರ್ಸಿಡಿಸ್‌ನದೇ) ಅದನ್ನು ತೆಗೆದುಕೊಂಡು ಎಂಜಿನ್ನನ್ನು 6.8 ಲೀಟರಿಗೆ ಹಿಗ್ಗಿಸಿ, ಕೆಂಪು ಬಣ್ಣ ಬಳಿದು, 1971ರಲ್ಲಿ ಬೆಲ್ಜಿಯಂನ ಸ್ಪಾ 24 ಗಂಟೆಗಳ ರೇಸಿಗೆ ಇಳಿಸಿತು. ಹಗುರವಾದ ರೇಸ್ ಕಾರುಗಳ ನಡುವೆ ಆ ದಡೂತಿ ಸೆಡಾನ್ ಒಟ್ಟಾರೆ ಎರಡನೇ ಸ್ಥಾನ ಪಡೆಯಿತು. ಹಾನ್ಸ್ ವೆರ್ನರ್ ಔಫ್ರೆಕ್ಟ್ ಮತ್ತು ಎರ್ಹಾರ್ಡ್ ಮೆಲ್ಷರ್ 1967ರಲ್ಲಿ ಶುರು ಮಾಡಿದ ಆ ಕಂಪನಿಗೆ ಖ್ಯಾತಿ ಬಂದಿದ್ದೇ ಆ ಕಾರಿನಿಂದ. ಸದ್ದು, ಬಣ್ಣ, ರೇಸು ಎಲ್ಲ ಸೇರಿದ ದಾರಿಯೂ ಮೊದಲಿನಿಂದ ಇತ್ತು, ನಿಜ. ಆದರೆ ಆ ಕೆಂಪು ಕಾರಿನಲ್ಲಿ ಯಾರೂ ಫೈಲು ಹಿಡಿದು ಹಿಂದೆ ಕೂರಲಿಲ್ಲ.

ಈಗ ನಮ್ಮ ಮೇಡಂ ವಿಷಯಕ್ಕೆ ಬರುತ್ತೇನೆ. ಹೊಸ ಕಾರು ನೋಡುವಾಗ ಒಂದು ಶೋರೂಂನವರು ಹೆಚ್ಚು ಶಕ್ತಿಯ ಮಾದರಿಯನ್ನು ಟೆಸ್ಟ್ ಡ್ರೈವ್‌ಗೆ ಕಳಿಸಿದ್ದರು. ಕಂಪನಿ ಹೆಸರು ಬೇಡ. ನಾನು ಸ್ಟಾರ್ಟ್ ಮಾಡಿದೆ. ತಣ್ಣನೆ ಎಂಜಿನ್, ಸೈಲೆನ್ಸರಿನ ಒಳಗಿನ ತಡೆ ತೆರೆದುಕೊಂಡು ಅಕ್ಕಪಕ್ಕದ ಕಿಟಕಿಗಳೆಲ್ಲ ಗಡಗಡ ಅಂದವು. ಮೇಡಂ ಹಿಂದೆ ಕೂತರು. ಪಕ್ಕದ ಸೀಟಿನಲ್ಲಿ ಸೇಲ್ಸ್ ಹುಡುಗ. ಮುಂದಿನ ಸೀಟುಗಳು ರೇಸ್ ಕಾರಿನವು. ಬೆನ್ನಿನ ಭಾಗ ಪೂರ್ತಿ ಕಾರ್ಬನ್ ಫೈಬರ್. ಅಂದರೆ ಹಿಂದೆ ಕೂತವರ ಕಣ್ಣೆದುರು ಎರಡು ಕಪ್ಪು ಗೋಡೆ. ಮುಂದಿನ ರಸ್ತೆ ಕಾಣುವುದಿಲ್ಲ, ಕಾಲು ಚಾಚಿದರೆ ಗಟ್ಟಿ ಚಿಪ್ಪು ತಾಗುತ್ತದೆ. ರಿಮ್ ದೊಡ್ಡದು, ಟೈರಿನ ಪಕ್ಕದ ರಬ್ಬರು ಎರಡು ಬೆರಳಿನಷ್ಟು ತೆಳ್ಳಗೆ. ರಸ್ತೆಯ ಪ್ರತಿ ಜೋಡಣೆಯೂ ಸೊಂಟಕ್ಕೆ ಬಂದು ಬಡಿಯುತ್ತಿತ್ತು.

ಅಷ್ಟರಲ್ಲಿ ಹುಡುಗ, “ಅಣ್ಣಾ, ಒಂದ್ಸಲ ಸ್ಪೋರ್ಟ್ ಪ್ಲಸ್ ಹಾಕಿ, ಆಮೇಲೆ ನೋಡಿ” ಅಂದ. ಹಾಕಿದೆ. ಕಾರನ್ನು ತುಂಬ ಚುರುಕು ಮಾಡುವ ಮೋಡ್ ಅದು, ಆಕ್ಸಿಲರೇಟರ್ ಮೇಲೆ ಕಾಲು ಇಟ್ಟರೆ ಸಾಕು ಕಾರು ಜಿಗಿಯುತ್ತಿತ್ತು. ಕಾಲು ತೆಗೆದರೆ ಹಿಂದಿನಿಂದ ಪಟ್ ಪಟ್ ಅಂತ ಪಟಾಕಿ ಸದ್ದು. ಕನ್ನಡಿಯಲ್ಲಿ ಹುಬ್ಬು ಎರಡೂ ಮೇಲೆ ಹೋಗಿದ್ದವು. ಮೇಡಂ ಫೈಲು ಮುಚ್ಚಿ, ತುಂಬ ಮರ್ಯಾದೆಯಿಂದಲೇ ಕೇಳಿದರು: “ಈ ಸದ್ದಿಗೆ ದುಡ್ಡು ನಾವು ಕೊಡಬೇಕಾ, ನೀವು ಕೊಡ್ತೀರಾ?” ಹುಡುಗ ನಕ್ಕ. ಪಾಪ, ಅವನ ತಪ್ಪೇನಿಲ್ಲ. ಅವನಿಗೆ ಹೇಳಿಕೊಟ್ಟ ಪಾಠ ಅದು.

ಈ ಜಿಗಿಯುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ವಿಮರ್ಶೆಗಳಲ್ಲಿ ಇದು ಬರುವುದೇ ಇಲ್ಲ. ನಮ್ಮ ಮೈಗೆ ಒಂದೇ ಸಮನಾದ ತಳ್ಳುವಿಕೆ ಕಷ್ಟ ಅಲ್ಲ. ವಿಮಾನ ಮೇಲೇರುವಾಗ ಎಷ್ಟು ಹೊತ್ತು ಬೆನ್ನಿಗೆ ಒತ್ತಿಸಿಕೊಂಡು ಕೂರುತ್ತೇವೆ ನೋಡಿ. ಕಷ್ಟ ಆಗುವುದು ಆ ತಳ್ಳುವಿಕೆ ಥಟ್ಟನೆ ಶುರುವಾದಾಗ, ಥಟ್ಟನೆ ನಿಂತಾಗ. ಆಗಲೇ ಕತ್ತು ಹಿಂದಕ್ಕೆ ಮುಂದಕ್ಕೆ ಆಡುವುದು. ಒಳ್ಳೆಯ ಡ್ರೈವರ್ ಬ್ರೇಕಿನಿಂದ ಕಾಲನ್ನು ಗಾಡಿ ನಿಲ್ಲುವ ಕೊನೆಯ ಅಡಿಯಲ್ಲಿ ಸ್ವಲ್ಪ ಸಡಿಲಿಸುತ್ತಾನೆ, ಅದು ಇದಕ್ಕೇ. 600, 800 ಅಶ್ವಶಕ್ತಿ ಇರುವ ಕಾರಿನಲ್ಲಿ ಈ ಕೆಲಸವನ್ನು ಕಂಪನಿಯ ಎಂಜಿನಿಯರುಗಳು ಅರ್ಧ ಮಾಡಿಟ್ಟಿರಬೇಕು. ಪೆಡಲಿನ ಮೊದಲ ಒಂದು ಇಂಚು ಬೆಣ್ಣೆಯ ಹಾಗಿರಬೇಕು. ಶಕ್ತಿ ಅದರ ಕೆಳಗೆ ಇರಲಿ, ಬೇಕಾದವರು ಒತ್ತಿ ತೆಗೆದುಕೊಳ್ಳುತ್ತಾರೆ.

ಹಾಗಾದರೆ ಸಸ್ಪೆನ್ಷನ್ ಮೆತ್ತಗೆ ಮಾಡಿ ಬಿಡಿ ಅನ್ನುತ್ತಿದ್ದಾನೆ ಇವನು ಅಂತ ತಿಳಿಯಬೇಡಿ. ಅದೂ ತಪ್ಪೇ. ಬೆಂಟ್ಲಿ 1982ರಲ್ಲಿ ಮಲ್ಸಾನ್ ಟರ್ಬೊ ಅನ್ನುವ ಕಾರು ತಂದಿತು. 6.75 ಲೀಟರಿನ ಹಳೆಯ ವಿ8ಗೆ, ಗಾಳಿ ತುರುಕಿ ಶಕ್ತಿ ಹೆಚ್ಚಿಸುವ ಟರ್ಬೊ ಜೋಡಿಸಿದ್ದರು. ಶಕ್ತಿ ಬೇಕಾದಷ್ಟಿತ್ತು, ಸಸ್ಪೆನ್ಷನ್ ಮಾತ್ರ ಹಳೆಯ ಮೆತ್ತನೆಯದೇ. ತಿರುವಿನಲ್ಲಿ ಕಾರು ದೋಣಿಯ ಹಾಗೆ ವಾಲುತ್ತಿತ್ತು. 1985ರಲ್ಲಿ ಟರ್ಬೊ ಆರ್ ಬಂದಾಗ ಆ ವಾಲಾಟವನ್ನು ಬಿಗಿ ಮಾಡಿದರು. ‘ಆರ್’ ಅಂದರೆ ರಸ್ತೆಯ ಮೇಲಿನ ಹಿಡಿತ ಅಂತಲೇ ಅವರ ಅರ್ಥ. ಅಲ್ಲಿಂದ ಮುಂದೆಯೇ ಬೆಂಟ್ಲಿ ಅಂದರೆ ರೋಲ್ಸ್-ರಾಯ್ಸ್‌ಗೆ ಮುಂಭಾಗದಲ್ಲಿ ಬೇರೆ ಜಾಲರಿ ಹಾಕಿದ ಕಾರು ಅನ್ನುವ ಮಾತು ಕಡಿಮೆಯಾಯಿತು. ಹಿಂದೆ ಕೂತು ಓದುವವರಿಗೆ ವಾಕರಿಕೆ ಬರಿಸುವುದು ನಿಧಾನವಾದ ವಾಲಾಟ, ತೊಟ್ಟಿಲಾಟ. ಗುಂಡಿಯ ಏಟು ಬೇರೆ, ಈ ವಾಲಾಟ ಬೇರೆ. ಏಟನ್ನು ನುಂಗಬೇಕು, ವಾಲಾಟವನ್ನು ತಡೆಯಬೇಕು. ಎರಡೂ ಒಟ್ಟಿಗೆ ಮಾಡುವುದು ಕಷ್ಟದ ಕೆಲಸ, ದುಡ್ಡಿನ ಕೆಲಸ. ಹೆಚ್ಚು ಶಕ್ತಿಯ ಮಾದರಿಗೆ ಜಾಸ್ತಿ ದುಡ್ಡು ತೆಗೆದುಕೊಂಡರೆ ಅದನ್ನು ಖರ್ಚು ಮಾಡಬೇಕಾದ ಜಾಗವೂ ಇದೇ.

ಆಡಿಯ ದೊಡ್ಡ ಸೆಡಾನ್ ಎ8ರ ಹೆಚ್ಚು ಶಕ್ತಿಯ ಮಾದರಿ ಎಸ್8 ಈ ವಿಷಯದಲ್ಲಿ ನನಗೆ ಮೆಚ್ಚುಗೆ. ಈಚಿನ ಎಸ್8ನಲ್ಲಿ ಪ್ರತಿ ಚಕ್ರದ ಸಸ್ಪೆನ್ಷನ್‌ಗೂ ಒಂದೊಂದು ವಿದ್ಯುತ್ ಮೋಟಾರ್ ಇದೆ. 48 ವೋಲ್ಟ್ ವ್ಯವಸ್ಥೆಯಿಂದ ಅದು ಚಕ್ರವನ್ನು ಎತ್ತುತ್ತದೆ, ಒತ್ತುತ್ತದೆ. ತಿರುವಿನಲ್ಲಿ ಹೊರಗೆ ವಾಲುವ ಬದಲು ಕಾರು ಬೈಕಿನ ಹಾಗೆ ಒಳಗೆ ವಾಲುತ್ತದೆ, 3 ಡಿಗ್ರಿ ತನಕ. ಬ್ರೇಕ್ ಒತ್ತಿದಾಗ ಮೂತಿ ಕುಸಿಯುವುದು ಕಡಿಮೆ. ಬಾಗಿಲು ತೆರೆಯಲು ಹಿಡಿಕೆ ಎಳೆದರೆ ಕಾರೇ 5 ಸೆಂ.ಮೀ. ತನಕ ಮೇಲೇಳುತ್ತದೆ. ಮಂಡಿ ನೋವಿರುವವರಿಗೆ ಇಳಿಯೋದು ಎಷ್ಟು ಸಲೀಸು ಅಂತ ಬಾಗಿಲು ಹಿಡಿದು ನಿಲ್ಲುವ ನನಗೆ ಗೊತ್ತು. ಈ ಕಾರಿಗೆ 571 ಅಶ್ವಶಕ್ತಿ ಇದೆ. ಹೊರಗಡೆ ನೋಡಿದರೆ ಅಲ್ಯುಮಿನಿಯಂ ಬಣ್ಣದ ಕನ್ನಡಿ, ನಾಲ್ಕು ಸೈಲೆನ್ಸರ್ ಕೊಳವೆ, ಸಣ್ಣ ಬ್ಯಾಡ್ಜು. ಆಡಿಯವರು ಅವರ ಬೇರೆ ಕಾರುಗಳಿಗೆ ‘ಆರ್‌ಎಸ್’ ಅನ್ನುವ ಇನ್ನೂ ಕಟುವಾದ ಮಾದರಿ ಮಾಡುತ್ತಾರೆ. ಎ8ಗೆ ಮಾತ್ರ ಮಾಡಲಿಲ್ಲ. 1996ರ ಮೊದಲ ಎಸ್8ನಿಂದ, 450 ಅಶ್ವಶಕ್ತಿಯ ವಿ10 ಇದ್ದ 2006ರದ್ದೂ ಸೇರಿ, ಎಲ್ಲವೂ ಎಸ್ ಆಗಿಯೇ ಉಳಿದವು.

ಬಿಎಂಡಬ್ಲ್ಯು ಕೂಡ ತನ್ನ ಹೆಚ್ಚು ಶಕ್ತಿಯ ‘ಎಂ’ ಸಾಲಿನಲ್ಲಿ ಎಂ5 ಮಾಡಿತು, ಎಂ3 ಮಾಡಿತು, ಎಂ7 ಮಾಡಲಿಲ್ಲ. ಅದರ ಬದಲು ದೊಡ್ಡ 7 ಸರಣಿಯಲ್ಲಿ ಹೆಚ್ಚು ಶಕ್ತಿ ಬೇಕಾದವರಿಗೆ ಬಹಳ ಕಾಲ ಆಲ್ಪಿನಾ ಬಿ7 ಇತ್ತು. ಆಲ್ಪಿನಾ ಜರ್ಮನಿಯ ಬುಕ್ಲೋಯಿ ಊರಿನ ಪುಟ್ಟ ಕಂಪನಿ. 2004ರ ಬಿ7ಗೆ ಸೂಪರ್‌ಚಾರ್ಜರ್ ಇದ್ದ 4.4 ಲೀಟರ್ ವಿ8, 500 ಅಶ್ವಶಕ್ತಿ. ಗೇರು ಬದಲಿಸಲು ಸ್ಟೇರಿಂಗಿನ ಹಿಂದೆ ದೊಡ್ಡ ರೆಕ್ಕೆಗಳಿಲ್ಲ, ಬೆರಳಿಗೆ ಮಾತ್ರ ತಿಳಿಯುವ ಗುಂಡಿಗಳು. ತೆಳು ಕಡ್ಡಿಗಳ ರಿಮ್. ಓಡಿಸುವವನಿಗೆ ಇದು ಬೇರೆ ಕಾರು ಅಂತ ಗೊತ್ತಾಗುತ್ತಿತ್ತು, ರಸ್ತೆಯವರಿಗೆ ಅಷ್ಟಾಗಿ ಗೊತ್ತಾಗುತ್ತಿರಲಿಲ್ಲ. 2022ರಲ್ಲಿ ಬಿಎಂಡಬ್ಲ್ಯು ಆ ಹೆಸರಿನ ಹಕ್ಕನ್ನೇ ಕೊಳ್ಳುವುದಾಗಿ ಪ್ರಕಟಿಸಿತು. ಸುಮ್ನೆ ಕೊಳ್ಳುತ್ತಾರಾ? ಶಕ್ತಿಯೂ ಸೌಮ್ಯತೆಯೂ ಒಂದೇ ಕಾರಿನಲ್ಲಿ ಕೇಳುವ ಗಿರಾಕಿ ಎಂ ಬ್ಯಾಡ್ಜಿನ ಗಿರಾಕಿಗಿಂತ ಬೇರೆ ಅನ್ನುವುದು ಅವರಿಗೆ ಗೊತ್ತಿದೆ.

ಅದೇ ಕಂಪನಿ 2016ರಲ್ಲಿ ಎಂ760ಎಲ್ಐ ತಂದಿತು. 6.6 ಲೀಟರ್ ವಿ12, 610 ಅಶ್ವಶಕ್ತಿ, ನೂರು ಕಿ.ಮೀ. ವೇಗಕ್ಕೆ 3.7 ಸೆಕೆಂಡ್. ಅದನ್ನು ಎರಡು ವೇಷದಲ್ಲಿ ಕೊಟ್ಟರು. ಒಂದಕ್ಕೆ ಸ್ಪೋರ್ಟ್ಸ್ ಅಲಂಕಾರ. ಇನ್ನೊಂದಕ್ಕೆ ಕ್ರೋಮ್ ಪಟ್ಟಿ, ಸೌಮ್ಯವಾದ ಸೈಲೆನ್ಸರ್, ಡಿಕ್ಕಿಯ ಮೇಲೆ ರೆಕ್ಕೆ ಗಿಕ್ಕೆ ಏನೂ ಇಲ್ಲ. ಎಂಜಿನ್ ಒಂದೇ. ನನ್ನ ಮಟ್ಟಿಗೆ ಇದೇ ಸರಿಯಾದ ಮಾರಾಟ. ಶಕ್ತಿಯನ್ನೂ ಅಲಂಕಾರವನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಗಿರಾಕಿಯ ತಲೆಗೆ ಕಟ್ಟಬೇಡಿ. ಬೇಕಾದವರು ಎರಡನ್ನೂ ತೆಗೆದುಕೊಳ್ಳಲಿ, ಬೇಡದವರು ಎಂಜಿನ್ ಮಾತ್ರ ತೆಗೆದುಕೊಳ್ಳಲಿ.

ಲೇಖಕರು ನೂರಕ್ಕೆ ಎಷ್ಟು ಸೆಕೆಂಡ್ ಅನ್ನುವ ಪಟ್ಟಿ ಹಾಕಿದ್ದರಲ್ಲ, ಅದರ ಬಗ್ಗೆ ಒಂದು ಮಾತು. ಮರ್ಸಿಡಿಸ್ ತನ್ನ ದೊಡ್ಡ ಸೆಡಾನ್ ಆದ ಹಿಂದಿನ ತಲೆಮಾರಿನ ಎಸ್ ಕ್ಲಾಸ್‌ನಲ್ಲಿ ಎರಡು ಎಎಂಜಿ ಮಾದರಿ ಮಾರುತ್ತಿತ್ತು. ಎಸ್63ಗೆ ವಿ8, ನಾಲ್ಕೂ ಚಕ್ರಕ್ಕೆ ಶಕ್ತಿ. ಅದಕ್ಕಿಂತ ದುಬಾರಿಯಾದ ಎಸ್65ಗೆ ವಿ12, 630 ಅಶ್ವಶಕ್ತಿ, 1,000 ನ್ಯೂಟನ್ ಮೀಟರ್ ಟಾರ್ಕ್, ಹಿಂದಿನ ಚಕ್ರಕ್ಕೆ ಮಾತ್ರ. ಎಸ್65 ನೂರು ಮುಟ್ಟಲು 4.3 ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ನಾಲ್ಕು ಚಕ್ರದ ಎಸ್63 ಅದಕ್ಕಿಂತ ಬೇಗ ಮುಟ್ಟುತ್ತಿತ್ತು. ಜಾಸ್ತಿ ದುಡ್ಡು ಕೊಟ್ಟು ನಿಧಾನದ ಕಾರು! ಆದರೂ ಕೊಳ್ಳುವವರು ಕೊಂಡರು. ಹನ್ನೆರಡು ಸಿಲಿಂಡರ್ ಓಡುವ ನುಣುಪಿಗೆ ಅವರು ದುಡ್ಡು ಕೊಟ್ಟರು. ಪಟ್ಟಿ ನೋಡಿ ಕೊಳ್ಳುವವರಾಗಿದ್ದರೆ ಆ ಕಾರು 2019ರ ತನಕ ಬಾಳುತ್ತಿರಲಿಲ್ಲ.

ಈಗಂತೂ ಆ ಪಟ್ಟಿಗೆ ಬೆಲೆಯೇ ಉಳಿದಿಲ್ಲ. 2021ರಲ್ಲಿ ಬಂದ ಟೆಸ್ಲಾ ಮಾಡೆಲ್ ಎಸ್ ಪ್ಲೇಡ್‌ಗೆ 1,020 ಅಶ್ವಶಕ್ತಿ. ಲೂಸಿಡ್ ಏರ್ ಸಫೈರ್‌ಗೆ 1,234. ನೂರು ವರ್ಷ ವಿ8, ವಿ12 ತಿದ್ದಿ ತೀಡಿದವರನ್ನು ವಿದ್ಯುತ್ ಮೋಟಾರು ಒಂದೇ ಏಟಿಗೆ ಹಿಂದೆ ಹಾಕಿತು. ಸಂಖ್ಯೆಯ ಮೇಲೆ ಹೆಸರು ಕಟ್ಟಿಕೊಂಡಿದ್ದವರು ಈಗ ಏನು ಮಾರುತ್ತಾರೆ? ಬಿಎಂಡಬ್ಲ್ಯು ಐ7 ಎಂ70 ನೋಡಿ. ಪೂರ್ತಿ ವಿದ್ಯುತ್ ಕಾರು, 660 ಅಶ್ವಶಕ್ತಿ. ನೂರಕ್ಕೆ ಅದೇ 3.7 ಸೆಕೆಂಡ್, ಹಿಂದಿನ ವಿ12ರಷ್ಟೇ. ಬೇಕಿದ್ದರೆ ಆ ಓಟಕ್ಕೆ ಅವರೂ ಇಳಿಯಬಹುದಿತ್ತು, ಇಳಿಯಲಿಲ್ಲ. ಇಷ್ಟು ಸಾಕು ಅಂತ ಯಾರೋ ಒಬ್ಬರು ಮೀಟಿಂಗಿನಲ್ಲಿ ಹೇಳಿರಬೇಕು. ಅವರು ಹಿಂದಿನ ಸೀಟಿನಲ್ಲಿ ಓಡಾಡುವವರೇ ಇರಬೇಕು ಅಂತ ನನ್ನ ಗುಮಾನಿ.

ಮರ್ಸಿಡಿಸ್ ಈಗಿನ ಎಸ್63 ಬಗ್ಗೆ ನನಗೆ ಎರಡು ಮನಸ್ಸು. 2022ರ ಕೊನೆಯಲ್ಲಿ ಅದನ್ನು ತೋರಿಸಿದರು. ವಿ8 ಜೊತೆ ಹಿಂದೆ ಒಂದು ವಿದ್ಯುತ್ ಮೋಟಾರು, ಎರಡೂ ಸೇರಿ 802 ಅಶ್ವಶಕ್ತಿ, 1,430 ನ್ಯೂಟನ್ ಮೀಟರ್. ಬ್ಯಾಟರಿ 13.1 ಕಿಲೋವ್ಯಾಟ್ ಗಂಟೆಯದ್ದು. ಅದೊಂದರಲ್ಲೇ 33 ಕಿ.ಮೀ. ಓಡುತ್ತದೆ ಅಂತ ಕಂಪನಿಯ ಲೆಕ್ಕ. ಇದು ನನಗೆ ತುಂಬ ಹಿಡಿಸಿತು. ಬೆಳಗಿನ ಜಾವ ವಿಮಾನಕ್ಕೆ ಹೊರಡುವಾಗ ಯಾರ ನಿದ್ದೆಯೂ ಕೆಡದ ಹಾಗೆ ಗೇಟು ದಾಟಬಹುದು. 802 ಅಶ್ವಶಕ್ತಿಯ ಕಾರು ಸದ್ದಿಲ್ಲದೆ ಹೊರಟರೆ ಅದಕ್ಕಿಂತ ಗತ್ತು ಯಾವುದಿದೆ? ಆದರೆ ಅದೇ ಕಾರಿನ ಮುಂಭಾಗಕ್ಕೆ ಉದ್ದುದ್ದ ಕಂಬಿಗಳ ರೇಸ್ ಕಾರಿನ ಜಾಲರಿ ಹಾಕಿ, ನಡುವೆ ದೊಡ್ಡ ನಕ್ಷತ್ರ ಅಂಟಿಸಿದರು. ಬಾನೆಟ್ ಮೇಲೆ ನಿಲ್ಲುತ್ತಿದ್ದ ಪುಟ್ಟ ನಕ್ಷತ್ರ ಹೋಯಿತು. ಆ ನಕ್ಷತ್ರವನ್ನು ಗುರಿ ಇಟ್ಟುಕೊಂಡೇ ನಾವು ಕಿರಿದಾದ ಗೇಟುಗಳಲ್ಲಿ ಕಾರು ನುಗ್ಗಿಸುತ್ತಿದ್ದೆವು. ಎಸ್ ಕ್ಲಾಸ್ ಅಂತ ಗುರುತು ಹಿಡಿಯುವ ಗುರುತನ್ನೇ ತೆಗೆದರೆ ದೊಡ್ಡ ಸೆಡಾನಿನ ಬಲವಾದ ಮಾದರಿ ಅದು ಹೇಗಾಗುತ್ತದೆ? ಬೇರೆಯೇ ಕಾರಾಯಿತು.

ತೂಕದ ವಿಷಯವನ್ನೂ ಮರೆಯಬಾರದು. ಬ್ಯಾಟರಿ ಸೇರಿದ ಮೇಲೆ ಈ ಕಾರುಗಳು ಎರಡೂವರೆ ಟನ್ ದಾಟುತ್ತಿವೆ. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಇದು ಶಾಲೆಯಲ್ಲಿ ಕಲಿತ ಲೆಕ್ಕ. ಅದಕ್ಕೇ ಇಂಥ ಮಾದರಿಗಳಿಗೆ ಊಟದ ತಟ್ಟೆಗಿಂತ ದೊಡ್ಡ ಬ್ರೇಕ್ ಡಿಸ್ಕ್ ಹಾಕುತ್ತಾರೆ. ಕಾರ್ಬನ್ ಸೆರಾಮಿಕ್ ಡಿಸ್ಕ್ ಹಗುರ, ಕಾದರೂ ಹಿಡಿತ ಬಿಡುವುದಿಲ್ಲ. ಆದರೆ ತಣ್ಣಗಿದ್ದಾಗ ಕೆಲವು ಕೀಚಲು ಸದ್ದು ಮಾಡುತ್ತವೆ. ದೊಡ್ಡವರ ಮನೆ ಬಾಗಿಲಲ್ಲಿ ಮೆಲ್ಲಗೆ ನಿಲ್ಲಿಸುವಾಗ ಕೀಯೋ ಅಂದರೆ ಮರ್ಯಾದೆ ಹೋಗುವುದು ಡ್ರೈವರಿನದು.

ಇಂಥ ಮಾದರಿಯಿಂದ ಕಂಪನಿಯ ಹೆಸರು ಮೇಲೇಳುತ್ತದೆ ಅಂತ ಲೇಖನದಲ್ಲಿತ್ತು. ಯಾವಾಗಲೂ ಹಾಗಾಗುವುದಿಲ್ಲ. ಕ್ಯಾಡಿಲಾಕ್ ತನ್ನ ದೊಡ್ಡ ಸೆಡಾನ್ ಸಿಟಿ6ಗೆ 4.2 ಲೀಟರಿನ ಹೊಚ್ಚಹೊಸ ವಿ8 ಮಾಡಿತು, 550 ಅಶ್ವಶಕ್ತಿ. ಎಂಜಿನ್ ಒಳ್ಳೆಯದೇ. 2019ರಲ್ಲಿ ಆ ಕಾರು ಬಂತು, 2020ರ ಆರಂಭದಲ್ಲಿ ಅಮೆರಿಕದಲ್ಲಿ ಸಿಟಿ6 ತಯಾರಿಕೆಯೇ ನಿಂತಿತು. ಮೂಲ ಕಾರಿಗೇ ನೆಲೆ ಇಲ್ಲದಿದ್ದರೆ ಅದರ ಬಲವಾದ ಮಾದರಿ ಏನು ಮಾಡೀತು?

ಕಿರಿಯ ವಯಸ್ಸಿನ ಶ್ರೀಮಂತರಿಗೆ ಅಬ್ಬರ ಬೇಕು ಅನ್ನುವ ವಾದ ಇದೆ. ಬೇಕಿರಬಹುದು. ರೋಲ್ಸ್-ರಾಯ್ಸ್ 2016ರಲ್ಲಿ ಅವರಿಗಾಗಿಯೇ ಬ್ಲ್ಯಾಕ್ ಬ್ಯಾಡ್ಜ್ ಸಾಲು ಶುರು ಮಾಡಿತು. ಬಾನೆಟ್ ಮೇಲಿನ ಬೆಳ್ಳಿ ಬಣ್ಣದ ಗೊಂಬೆಯನ್ನು ಕಪ್ಪು ಮಾಡಿ, ಎಂಜಿನ್ನಿಗೆ ಒಂದಿಷ್ಟು ಶಕ್ತಿ ಸೇರಿಸಿ ಕೊಟ್ಟರು. ನನಗೆ ಆ ಕಪ್ಪು ಗೊಂಬೆ ಹಿಡಿಸಲಿಲ್ಲ, ಆ ಮಾತು ಬೇರೆ. ಆದರೆ ಅವರು ರೇಸ್ ಟ್ರ್ಯಾಕಿನ ಕಥೆ ಹೇಳಲಿಲ್ಲ, ಹಿಂದಿನ ಸೀಟನ್ನು ಕೆಡಿಸಲಿಲ್ಲ. ಅಷ್ಟು ಬುದ್ಧಿ ಇದ್ದರೆ ಬಣ್ಣ ಯಾವುದಾದರೇನು.

ಇನ್ನೊಂದು ಸತ್ಯ. ನಮ್ಮ ಮೇಡಂ ರಜೆಯ ದಿನ ನನ್ನನ್ನು ಮನೆಗೆ ಕಳಿಸಿ ತಾವೇ ಓಡಿಸುತ್ತಾರೆ. ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಸೀಟು ಮುಂದಕ್ಕೆ ಸರಿದಿರುತ್ತದೆ, ಪೆಟ್ರೋಲ್ ಮುಳ್ಳು ಕೆಳಗಿಳಿದಿರುತ್ತದೆ, ಗಾಜಿನ ತುಂಬ ಹುಳ ಅಂಟಿರುತ್ತವೆ. ನಿಧಾನಕ್ಕೆ ಓಡಿಸಿದರೆ ಅಷ್ಟು ಹುಳ ಅಂಟುವುದಿಲ್ಲ ಸ್ವಾಮಿ. ಮುಖದಲ್ಲಿ ಒಂಥರಾ ಕಳೆ ಇರುತ್ತದೆ. ಅದನ್ನೂ ನಾನು ಕಂಡಿದ್ದೇನೆ. ಇದು ಒಬ್ಬರಿಗೇ ಮಾರುವ ಎರಡು ಕಾರು. ವಾರವೆಲ್ಲ ಹಿಂದಿನ ಸೀಟು, ಒಂದು ದಿನ ಮುಂದಿನ ಸೀಟು. ಆದ್ದರಿಂದ ಸ್ಪೋರ್ಟ್ ಗುಂಡಿ ತೆಗೆದುಹಾಕಿ ಅಂತ ನಾನು ಹೇಳುತ್ತಿಲ್ಲ. ಇರಲಿ, ಕೈಗೆ ಸಿಗುವ ಹಾಗೆ ಇರಲಿ. ಆದರೆ ಪ್ರತಿ ಸಲ ಸ್ಟಾರ್ಟ್ ಮಾಡಿದಾಗ ಕಾರು ಮೆತ್ತನೆಯ ಮೋಡ್‌ನಲ್ಲೇ, ಸದ್ದಿನ ತಡೆ ಮುಚ್ಚಿಕೊಂಡೇ ಏಳಬೇಕು. ಮೇಡಂ ಹಿಂದಿನ ದಿನ ಬಿಟ್ಟುಹೋದ ಅಬ್ಬರ ಮರುದಿನ ಹಿಂದೆ ಕೂತ ಅವರ ಅತಿಥಿಗಳ ಕತ್ತಿಗೆ ಬರಬಾರದು.

ಕೊನೆಗೆ ನಿಮ್ಮ ಪತ್ರಿಕೆಗೆ ಒಂದು ಕೋರಿಕೆ. ಮುಂದಿನ ಸಲ ಇಂಥ ಕಾರಿನ ವಿಮರ್ಶೆ ಮಾಡುವಾಗ ಇಬ್ಬರನ್ನು ಕಳಿಸಿ. ಒಬ್ಬರು ಓಡಿಸಲಿ. ಇನ್ನೊಬ್ಬರು ಹಿಂದೆ ಕೂತು ಸಣ್ಣ ಅಕ್ಷರದ ಪುಸ್ತಕ ಓದಲಿ. ಎಷ್ಟು ಪುಟ ಓದಲಾಯಿತು, ಎಷ್ಟು ಸಲ ತಲೆ ಎತ್ತಬೇಕಾಯಿತು ಅಂತ ಬರೆಯಿರಿ. ಸದ್ದನ್ನು ಹಿಂದಿನ ಸೀಟಿನಲ್ಲಿ ಅಳೆಯಿರಿ, ಮೆತ್ತನೆಯ ಮೋಡ್‌ನಲ್ಲಿ ಒಮ್ಮೆ, ಸ್ಪೋರ್ಟ್‌ನಲ್ಲಿ ಒಮ್ಮೆ. 80ರಿಂದ 120 ಕಿ.ಮೀ. ವೇಗಕ್ಕೆ ಏರುವ ಹೊತ್ತು ಕೊಡಿ, ಯಾಕಂದರೆ ಸೈಡ್ ಹೊಡೆಯುವಾಗ ಬೇಕಾಗುವುದು ಅದೇ. ನಿಂತಲ್ಲಿಂದ ನೂರಕ್ಕೆ ಹಾರುವುದು ಸಿಗ್ನಲ್ಲಿನ ಹುಡುಗರಿಗೆ. ಮತ್ತು ನಿಮ್ಮ ಲೇಖಕರು ಒಪ್ಪಿದರೆ, ಡ್ರೈವರುಗಳು ಕಾಯುವ ಜಾಗಕ್ಕೆ ಒಂದು ಸಂಜೆ ಬರಲಿ. ಯಾವ ಕಂಪನಿಯ ಯಾವ ಮಾದರಿಯಲ್ಲಿ ಏನು ಸರಿಯಿಲ್ಲ ಅಂತ ಮುಚ್ಚುಮರೆ ಇಲ್ಲದೆ ಹೇಳುವವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ.

ಇಂತಿ ನಿಮ್ಮ ಓದುಗ,
ವೃತ್ತಿಯಿಂದ ಡ್ರೈವರ್
(ಕೆಲಸದ ಕಾರಣಕ್ಕೆ ಹೆಸರು ಹಾಕಬಾರದಾಗಿ ಕೋರಿಕೆ)